ಕೇಶವನ ನಾಲ್ಕು ಕೈಗಳೂ ಕೋಲಾಟದ ವೃತ್ತವೂ

ಗಣಿತವೆಂಬ ಮಾತು ಕಿವಿಗೆ ಬಿದ್ದೊಡನೆ ಪುಟ ಮಗುಚುವ ವಾಚಕರು ನಮ್ಮಲ್ಲಿ ಕಡಿಮೆಯೇನಿಲ್ಲ. ಅವರಲ್ಲಿ ನಮ್ಮದೊಂದು ಬಿನ್ನಹ. ಈ ಲೇಖನಕ್ಕೆ ಬೇಕಾದುದು ಗುಣಾಕಾರ, ಭಾಗಾಕಾರ ಎರಡೇ. ಉಳಿದುದೆಲ್ಲ ದೇವರು, ಹೂಮಾಲೆ, ಸಂಗೀತ ಮತ್ತು ಹೆಣ್ಣುಮಕ್ಕಳ ಆಟ. ಆದುದರಿಂದ ಸ್ವಲ್ಪ ಹೊತ್ತು ನಮ್ಮೊಡನೆ ಬರಬೇಕು.

ಮಹಾರಾಷ್ಟ್ರದ ಹನ್ನೊಂದನೆಯ ತರಗತಿಯ ಗಣಿತದಲ್ಲಿ ‘ಪರ್ಮ್ಯುಟೇಷನ್’ ಎಂಬ ಪಾಠವಿದೆ. ಕನ್ನಡದ ಪಠ್ಯಗಳಲ್ಲಿ ಇದಕ್ಕೆ ಕ್ರಮಯೋಜನೆ ಎನ್ನುತ್ತಾರೆ. ನಾಲ್ವರನ್ನು ಒಂದು ಬೆಂಚಿನ ಮೇಲೆ ಎಷ್ಟು ಬಗೆಯಾಗಿ ಕೂರಿಸಬಹುದು? ಮೊದಲ ಜಾಗಕ್ಕೆ ನಾಲ್ವರಲ್ಲಿ ಯಾರಾದರೂ ಆಗಬಹುದು, ಎರಡನೆಯದಕ್ಕೆ ಉಳಿದ ಮೂವರಲ್ಲೊಬ್ಬರು, ಮೂರನೆಯದಕ್ಕೆ ಇಬ್ಬರಲ್ಲೊಬ್ಬರು, ಕೊನೆಯದಕ್ಕೆ ಒಬ್ಬರೇ. ನಾಲ್ಕು ಮೂರಲ ಹನ್ನೆರಡು, ಹನ್ನೆರಡು ಎರಡಲ ಇಪ್ಪತ್ತನಾಲ್ಕು. ಅದೇ ನಾಲ್ವರು ದುಂಡು ಮೇಜಿನ ಸುತ್ತ ಕುಳಿತರೆ? ಆಗ ಉತ್ತರ 6 ಮಾತ್ರ. ‘ವೃತ್ತ ಬಂದರೆ ಒಂದು ಕಳೆದು ಗುಣಿಸು’ ಎಂಬ ಸೂತ್ರವನ್ನು ನಮ್ಮ ಪುಣೆಯ ಮಕ್ಕಳು ಪಟಪಟನೆ ಒಪ್ಪಿಸುತ್ತಾರೆ. ಏಕೆ ಕಳೆಯಬೇಕು ಎಂದರೆ ಮಾತ್ರ ಮುಖ ನೋಡುತ್ತಾರೆ. ಕಾರಣ ಬಹಳ ಸರಳ. ನಾಲ್ವರೂ ಎದ್ದು ಒಂದೊಂದು ಕುರ್ಚಿ ಬಲಕ್ಕೆ ಸರಿದು ಕುಳಿತರೆನ್ನಿ. ಯಾರ ಎಡಬಲದವರೂ ಬದಲಾಗಲಿಲ್ಲ. ಪಕ್ಕದವರೊಡನೆ ಆಡುತ್ತಿದ್ದ ಮಾತನ್ನು ಹಾಗೆಯೇ ಮುಂದುವರಿಸಬಹುದು. ಹೀಗೆ ಸರಿಯುವ ನಾಲ್ಕು ಬಗೆಗಳನ್ನೂ ಒಂದೇ ಎಂದೆಣಿಸಿದರೆ 24ನ್ನು 4ರಿಂದ ಭಾಗಿಸಬೇಕು. ಅದೇ 6.

ಇಷ್ಟು ಹೇಳಿ ಮುಗಿಸಬಹುದಾಗಿತ್ತು. ಆದರೆ ನಮ್ಮ ಸಭೆ ಸಮಾರಂಭಗಳಲ್ಲಿ ಆಗಾಗ ಒಂದು ಮಾತು ಕೇಳಿಬರುತ್ತದೆ: ಇದೆಲ್ಲ ಪಾಶ್ಚಾತ್ಯರದ್ದಲ್ಲ, ನಮ್ಮ ನೃಪತುಂಗನ ಆಸ್ಥಾನದ ಮಹಾವೀರಾಚಾರ್ಯನೇ ಸಾವಿರ ವರ್ಷ ಮೊದಲು ಎಲ್ಲವನ್ನೂ ಬರೆದಿಟ್ಟಿದ್ದಾನೆ, ಎಂದು. ಕೇಳಿದವರು ಚಪ್ಪಾಳೆ ತಟ್ಟುತ್ತಾರೆ. ಬರೆದಿಟ್ಟದ್ದೇನು ಎಂದು ಮನೆಗೆ ಹೋಗಿ ಯಾರೂ ನೋಡುವುದಿಲ್ಲ. ಪರನಾಡಿನಲ್ಲಿ ಬೆಳೆಯುವ ನಮ್ಮ ಮಕ್ಕಳಿಗೆ ಕನ್ನಡದ ಹಿರಿಮೆಯೆಂಬುದು ಚಪ್ಪಾಳೆಯ ರೂಪದಲ್ಲಷ್ಟೇ ತಲುಪುವುದಾದರೆ, ಅವರು ದೊಡ್ಡವರಾದ ಮೇಲೆ ಅದನ್ನು ನಂಬದೆ ಹೋದಾರು. ಆದುದರಿಂದ ಹಳೆಯ ಆಚಾರ್ಯರು ಏನನ್ನು ಎಣಿಸಿದರು, ಏನನ್ನು ಎಣಿಸಲಿಲ್ಲ ಎಂಬುದನ್ನು ಈ ವೃತ್ತದ ನೆಪದಲ್ಲಿ ನೋಡೋಣವೆಂದಿದ್ದೇವೆ.

ಮೊದಲು ಮಹಾವೀರಾಚಾರ್ಯ. ರಾಷ್ಟ್ರಕೂಟ ಅಮೋಘವರ್ಷ ನೃಪತುಂಗನು 814ರಿಂದ 878ರ ವರೆಗೆ ಆಳಿದನು. ರಾಜಧಾನಿ ಮಾನ್ಯಖೇಟ, ಅಂದರೆ ಇಂದಿನ ಕಲಬುರಗಿ ಜಿಲ್ಲೆಯ ಮಳಖೇಡ. ಆ ಕಾಲದ ‘ಕವಿರಾಜಮಾರ್ಗ’ವು ಕನ್ನಡನಾಡಿಗೆ ಹೇಳುವ ಉತ್ತರದ ಮೇರೆ ಗೋದಾವರಿ. ನಾವಿರುವ ಪುಣೆ ಗೋದಾವರಿಗೆ ದಕ್ಷಿಣದಲ್ಲಿದೆ ಎಂಬುದನ್ನು ಇಲ್ಲಿ ಸುಮ್ಮನೆ ನೆನಪಿಸಿ ಮುಂದೆ ಹೋಗುತ್ತೇವೆ. ಇದರಿಂದ ನೆರೆಯವರೊಡನೆ ಜಗಳ ತೆಗೆಯುವ ಉದ್ದೇಶ ನಮಗಿಲ್ಲ. ಸುಮಾರು 850ರಲ್ಲಿ ಜೈನ ವಿದ್ವಾಂಸನಾದ ಮಹಾವೀರಾಚಾರ್ಯನು ಸಂಸ್ಕೃತದಲ್ಲಿ ‘ಗಣಿತಸಾರಸಂಗ್ರಹ’ವನ್ನು ಬರೆದನು, ಆರಂಭದಲ್ಲೇ ನೃಪತುಂಗನನ್ನು ಹೊಗಳಿದ್ದಾನೆ. ಈ ಗ್ರಂಥವನ್ನು ಮದರಾಸಿನ ಎಂ. ರಂಗಾಚಾರ್ಯರು ಇಂಗ್ಲಿಷ್ ಅನುವಾದದೊಡನೆ 1912ರಲ್ಲಿ ಅಚ್ಚು ಹಾಕಿಸಿದ ಮೇಲೆ ಹೊರ ಜಗತ್ತಿಗೆ ಅದರ ಪರಿಚಯವಾಯಿತು. 2000ನೆಯ ಇಸವಿಯಲ್ಲಿ ಹೊಂಬುಜದಿಂದ ಪದ್ಮಾವತಮ್ಮನವರ ಕನ್ನಡ ಅನುವಾದವೂ ಬಂದಿದೆ.

ಇದರಲ್ಲಿ ನಮ್ಮ ವಿಷಯಕ್ಕೆ ಸೇರಿದ ಒಂದು ನಿಯಮವಿದೆ. ಇಷ್ಟು ವಸ್ತುಗಳಿವೆ, ಅವುಗಳಲ್ಲಿ ಇಷ್ಟನ್ನು ಆರಿಸಿಕೊಳ್ಳುವ ಬಗೆಗಳೆಷ್ಟು ಎಂಬುದಕ್ಕೆ ಇಂದಿಗೂ ಶಾಲೆಯಲ್ಲಿ ಕಲಿಸುವ ಸೂತ್ರವೇ ಅದು: ಮೇಲಿನಿಂದ ಒಂದೊಂದು ಇಳಿಯುತ್ತ ಗುಣಿಸು, ಕೆಳಗೆ ಒಂದರಿಂದ ಏರುತ್ತ ಗುಣಿಸು, ಭಾಗಿಸು. ಉದಾಹರಣೆಗಳೂ ಸೊಗಸಾಗಿವೆ. ಆರು ರಸಗಳನ್ನು ಬೆರೆಸುವ ಬಗೆಗಳೆಷ್ಟು? ವಜ್ರ, ನೀಲ, ಮರಕತ, ಹವಳ, ಮುತ್ತುಗಳಿಂದ ಮಾಡುವ ಕಂಠಾಭರಣದ ಭೇದಗಳೆಷ್ಟು? ಕೇದಗೆ, ಅಶೋಕ, ಸಂಪಿಗೆ, ನೈದಿಲೆ ಈ ನಾಲ್ಕು ಹೂಗಳ ಮಾಲೆಯ ಭೇದಗಳೆಷ್ಟು?

ಮಾಲೆ ಎಂದ ಮೇಲೆ ದುಂಡಗಿದೆ. ದುಂಡಗಿದೆ ಎಂದ ಮೇಲೆ ವೃತ್ತದ ಲೆಕ್ಕ ಇಲ್ಲೇ ಇದೆಯಲ್ಲ ಎಂದು ಉತ್ಸಾಹಿಗಳು ಹೇಳಬಹುದು. ಇಲ್ಲ, ಅದು ಬೇರೆ ಲೆಕ್ಕ. ಮಹಾವೀರಾಚಾರ್ಯನ ನಿಯಮ ಹೇಳುವುದು ಮಾಲೆಗೆ ಯಾವ ಯಾವ ಹೂಗಳನ್ನು ಸೇರಿಸಬಹುದು ಎಂಬುದನ್ನು. ಒಂದೇ ಜಾತಿಯ ಹೂವಿನ ಮಾಲೆ 4, ಎರಡು ಜಾತಿಯದು 6, ಮೂರರದು 4, ನಾಲ್ಕೂ ಸೇರಿದುದು 1, ಒಟ್ಟು 15. ದಾರದಲ್ಲಿ ಕೇದಗೆಯ ಪಕ್ಕಕ್ಕೆ ಸಂಪಿಗೆಯೋ ನೈದಿಲೆಯೋ ಎಂಬುದು ಅವನ ನಿಯಮದೊಳಗಿಲ್ಲ. ಅದನ್ನು ನಾವೇ ಕೇಳಿಕೊಂಡರೆ ಲೆಕ್ಕ ಹೀಗಾಗುತ್ತದೆ. ಪ್ರತಿ ಜಾತಿಯದೂ ಒಂದೊಂದೇ ಹೂ. ಸಾಲಾಗಿ ಇಟ್ಟರೆ 24 ಬಗೆ, ದುಂಡಗೆ ಕಟ್ಟಿದರೆ 6. ಆದರೆ ಮಾಲೆಯನ್ನು ಮಗುಚಿ ಹಿಡಿಯಬಹುದಲ್ಲವೆ? ಮಗುಚಿದಾಗ ಎಡದ ಸುತ್ತು ಬಲದ ಸುತ್ತಾಗುತ್ತದೆ. ಅವೆರಡನ್ನೂ ಒಂದೇ ಎಂದರೆ 3. ಹೂವಿಗೆ ಮುಖ ಬೆನ್ನು ಉಂಟು, ಮಗುಚಿದ ಮಾಲೆಯನ್ನು ದೇವರಿಗೆ ಏರಿಸಲಾಗದು ಎನ್ನುವವರಿಗೆ ಮತ್ತೆ 6. ಮುತ್ತಿನ ಸರದಲ್ಲಿ ಪದಕವೊಂದಿದ್ದರೆ, ಪದಕದ ಎಡದ ಮೊದಲ ಮಣಿ, ಎರಡನೆಯ ಮಣಿ ಎಂದು ಹೆಸರಿಡಬಹುದು. ಆಗ ಅದು ವೃತ್ತವೇ ಅಲ್ಲ, ಕೊರಳಿಗೆ ಸುತ್ತಿದ ಸಾಲು. ಅಂದರೆ ಎಣಿಕೆಗೆ ಕೂರುವ ಮೊದಲು ಯಾವುದನ್ನು ಯಾವುದಕ್ಕೆ ಸಮವೆಂದು ಎಣಿಸುತ್ತೇವೆ ಎಂಬುದನ್ನು ತೀರ್ಮಾನಿಸಬೇಕು. ಈ ವಿಷಯದ ತಿರುಳೆಲ್ಲ ಇಲ್ಲಿಯೇ ಇದೆ, ಸೂತ್ರದಲ್ಲಿಲ್ಲ.

ನಮ್ಮವರಿಗೆ ಸಾಲಿನ ಎಣಿಕೆಯಲ್ಲಿ ಇದ್ದ ಪಳಗಿಕೆ ಅಸಾಧಾರಣವಾದುದು. ಛಂದಸ್ಸಿನಿಂದ ಬಂದ ಪಳಗಿಕೆ ಅದು. ಗುರು ಲಘುಗಳನ್ನು ಎಲ್ಲ ಬಗೆಯಲ್ಲೂ ಒಂದರ ಕೆಳಗೊಂದು ಬರೆಯುವುದಕ್ಕೆ ಪ್ರಸ್ತಾರವೆಂದು ಹೆಸರು. ಹತ್ತನೆಯ ಶತಮಾನದ ಕೊನೆಯಲ್ಲಿ ನಾಗವರ್ಮನು ಕನ್ನಡದ ‘ಛಂದೋಂಬುಧಿ’ಯಲ್ಲಿ ಇದನ್ನು ವಿವರಿಸಿದ್ದಾನೆ. ಪಟ್ಟಿಯ ಇಂತಿಷ್ಟನೆಯ ಸಾಲು ಯಾವುದು ಎಂದು ಪಟ್ಟಿ ಬರೆಯದೆಯೇ ಕಂಡುಹಿಡಿಯುವುದು ನಷ್ಟ. ಈ ಸಾಲು ಪಟ್ಟಿಯಲ್ಲಿ ಎಷ್ಟನೆಯದು ಎಂದು ಹೇಳುವುದು ಉದ್ದಿಷ್ಟ. ಸರ್ಕಾರಿ ಕಚೇರಿಯಲ್ಲಿ ಕಡತಗಳ ನಡುವೆ ಬಾಳುವ ನಮ್ಮಂಥವರಿಗೆ ಇದರ ಬೆಲೆ ಬೇಗ ತಿಳಿಯುತ್ತದೆ: ನಂಬರು ಹೇಳಿದರೆ ಕಡತ, ಕಡತ ಕೊಟ್ಟರೆ ನಂಬರು, ನಡುವೆ ಬೀರು ತಡಕುವ ಕೆಲಸವಿಲ್ಲ! ಹನ್ನೆರಡನೆಯ ಶತಮಾನದಲ್ಲಿ ಪೂವಿನಬಾಗೆಯ ರಾಜಾದಿತ್ಯನು ‘ವ್ಯವಹಾರಗಣಿತ’, ‘ಕ್ಷೇತ್ರಗಣಿತ’, ‘ಚಿತ್ರಹಸುಗೆ’ ಮುಂತಾದ ಗ್ರಂಥಗಳನ್ನು ಕನ್ನಡದಲ್ಲೇ ಬರೆದು ಗಣಿತವನ್ನು ಸಂಸ್ಕೃತ ಬಾರದವರ ಕೈಗೂ ಕೊಟ್ಟನು.

ಅದೇ ಹನ್ನೆರಡನೆಯ ಶತಮಾನದಲ್ಲಿ ಭಾಸ್ಕರಾಚಾರ್ಯ. ಹುಟ್ಟಿದ್ದು 1114ರಲ್ಲಿ, ‘ಸಿದ್ಧಾಂತಶಿರೋಮಣಿ’ ಮುಗಿದದ್ದು 1150ರಲ್ಲಿ. ತನ್ನ ಊರು ಸಹ್ಯಾದ್ರಿಯ ಬಳಿಯ ವಿಜ್ಜಡವಿಡ ಎಂದು ಅವನೇ ಹೇಳಿಕೊಂಡಿದ್ದಾನೆ. ಅದು ಬಿಜಾಪುರದ ಕಡೆಯದೆಂದು ನಮ್ಮವರೂ, ಜಳಗಾಂವ್ ಜಿಲ್ಲೆಯ ಚಾಳೀಸಗಾಂವ್ ಕಡೆಯದೆಂದು ಮರಾಠಿಯ ವಿದ್ವಾಂಸರೂ ವಾದಿಸುತ್ತಾರೆ. ಚಾಳೀಸಗಾಂವ್ ಬಳಿಯ ಪಾಟಣದಲ್ಲಿ 1207ರ ಶಾಸನವೊಂದಿದೆ. ಭಾಸ್ಕರನ ಗ್ರಂಥಗಳನ್ನು ಓದಿಸುವುದಕ್ಕಾಗಿ ಅವನ ಮೊಮ್ಮಗ ಚಾಂಗದೇವನು ಸ್ಥಾಪಿಸಿದ ಮಠಕ್ಕೆ ಕೊಟ್ಟ ದತ್ತಿಯನ್ನು ಅದು ಹೇಳುತ್ತದೆ. ಆ ಕಾಲಕ್ಕೆ ಅಲ್ಲಿದ್ದ ಸೇವುಣರ ಶಾಸನಗಳಲ್ಲಿ ಕನ್ನಡದವೂ ಹೇರಳವಾಗಿವೆ. ಆದುದರಿಂದ ಊರಿನ ವಾದದಲ್ಲಿ ಯಾರು ಗೆದ್ದರೂ ಇನ್ನೊಬ್ಬರು ಪೂರ್ತಿ ಸೋತಂತಾಗುವುದಿಲ್ಲ. ನಮ್ಮ ಪುಣೆಯ ಆನಂದಾಶ್ರಮ ಸಂಸ್ಥೆಯು 1937ರಲ್ಲಿ ‘ಲೀಲಾವತಿ’ಯನ್ನು ಗಣೇಶ ಮತ್ತು ಮಹೀಧರರ ಟೀಕೆಗಳೊಡನೆ ಪ್ರಕಟಿಸಿತು. ಅಪ್ಪಾ ಬಳವಂತ ಚೌಕದ ಕಡೆ ಮಕ್ಕಳ ಪಠ್ಯಪುಸ್ತಕಕ್ಕಾಗಿ ಅಲೆಯುವ ನಮ್ಮವರಲ್ಲಿ ಎಷ್ಟು ಮಂದಿ ಆ ಸಂಸ್ಥೆಯನ್ನು ಕಂಡಿದ್ದಾರೋ!

‘ಲೀಲಾವತಿ’ಯ ಕೊನೆಯ ಪ್ರಕರಣಕ್ಕೆ ಅಂಕಪಾಶವೆಂದು ಹೆಸರು. ವಸ್ತುಗಳನ್ನು ಸ್ಥಾನ ಬದಲಿಸುತ್ತ ಹೋದರೆ ಆಗುವ ಭೇದಗಳ ಲೆಕ್ಕ ಅಲ್ಲಿದೆ. ಭಾಸ್ಕರನ ಉದಾಹರಣೆ ದೇವರದೇ. ಶಂಭುವಿಗೆ ಹತ್ತು ಕೈ. ಪಾಶ, ಅಂಕುಶ, ಸರ್ಪ, ಡಮರು, ಕಪಾಲ, ತ್ರಿಶೂಲ, ಖಟ್ವಾಂಗ, ಶಕ್ತಿ, ಬಾಣ, ಬಿಲ್ಲುಗಳನ್ನು ಕೈಯಿಂದ ಕೈಗೆ ಬದಲಿಸಿದರೆ ಎಷ್ಟು ಮೂರ್ತಿಭೇದಗಳಾಗುತ್ತವೆ? ಹಾಗೆಯೇ ಹರಿಗೆ ಗದೆ, ಚಕ್ರ, ಪದ್ಮ, ಶಂಖಗಳಿಂದ ಎಷ್ಟು? ಶಂಭುವಿನ ಉತ್ತರ 36,28,800. ಹರಿಯದು 24.

ಈ 24 ಎಲ್ಲೋ ಕೇಳಿದಂತಿದೆಯಲ್ಲ! ಸಂಧ್ಯಾವಂದನೆ ಮಾಡುವವರು ಆಚಮನದಲ್ಲಿ ಕೇಶವ, ನಾರಾಯಣ, ಮಾಧವ ಎಂದು ಹೇಳುತ್ತ ಹೋಗುವ ಹೆಸರುಗಳು ಇಪ್ಪತ್ತನಾಲ್ಕು. ಸಂಧ್ಯಾವಂದನೆಯ ಗೊಡವೆಯಿಲ್ಲದವರಿಗೂ ಕನಕದಾಸರ ಕೇಶವನಾಮದಿಂದ ಆ ಹೆಸರುಗಳು ಬಾಯಿಗೆ ಬಂದಿರುತ್ತವೆ. ಭಜನೆಯಲ್ಲಿ ಅದನ್ನು ಹಾಡದ ಕನ್ನಡ ಸಂಘ ಇದ್ದೀತೆ? ಈ 24 ಹೆಸರುಗಳೂ 24 ಬೇರೆ ಬೇರೆ ವಿಗ್ರಹಗಳು. ಎಲ್ಲವೂ ನಿಂತ ವಿಷ್ಣುವೇ, ಎಲ್ಲರ ಕೈಯಲ್ಲೂ ಅವೇ ನಾಲ್ಕು ಆಯುಧ. ಯಾವ ಕೈಯಲ್ಲಿ ಯಾವುದು ಎಂಬುದರಿಂದಲೇ ಇವನು ಕೇಶವ, ಇವನು ಮಾಧವ ಎಂದು ಗುರುತು. ಹೊಸಹೊಳಲಿನ ಲಕ್ಷ್ಮೀನಾರಾಯಣ ದೇವಾಲಯವೇ ಮೊದಲಾದ ಹದಿಮೂರನೆಯ ಶತಮಾನದ ಹೊಯ್ಸಳ ಗುಡಿಗಳಲ್ಲಿ ಈ ರೂಪಗಳನ್ನು ಕಡೆದಿದ್ದಾರೆ. ರಜೆಗೆ ಊರಿಗೆ ಹೋದಾಗ ‘ಎಲ್ಲ ವಿಷ್ಣುಗಳೂ ಒಂದೇ ಥರ’ ಎಂದು ಬೇಸರಪಡುವ ಮಕ್ಕಳಿಗೆ ಕೈಗಳನ್ನು ನೋಡಲು ಹೇಳಬೇಕು.

ನೋಡುವ ಕ್ರಮವೂ ನಮ್ಮ ವಿಷಯಕ್ಕೆ ಒದಗಿ ಬರುತ್ತದೆ. ಕೆಳಗಿನ ಬಲಗೈಯಿಂದ ಹೊರಟು ಮೇಲಿನ ಬಲಗೈ, ಅಲ್ಲಿಂದ ಮೇಲಿನ ಎಡಗೈ, ಕೊನೆಗೆ ಕೆಳಗಿನ ಎಡಗೈ. ಎದುರಿಗೆ ನಿಂತವರಿಗೆ ಇದು ಪ್ರದಕ್ಷಿಣೆಯ ಸುತ್ತು. ಗ್ರಂಥದಿಂದ ಗ್ರಂಥಕ್ಕೆ ಪಟ್ಟಿಯಲ್ಲಿ ವ್ಯತ್ಯಾಸಗಳಿವೆ. ಟಿ. ಎ. ಗೋಪಿನಾಥ ರಾಯರು 1914ರಲ್ಲಿ ಹೊರತಂದ ಮೂರ್ತಿಶಾಸ್ತ್ರ ಗ್ರಂಥದ ಪಟ್ಟಿಯನ್ನೇ ನಾವಿಲ್ಲಿ ಹಿಡಿಯುತ್ತೇವೆ. ಅದರಂತೆ ಕೇಶವನ ಕೈಗಳಲ್ಲಿ ಕ್ರಮವಾಗಿ ಪದ್ಮ, ಶಂಖ, ಚಕ್ರ, ಗದೆ. ಈಗ ನಾಲ್ಕು ಆಯುಧಗಳನ್ನೂ ಒಂದೊಂದು ಕೈ ಹಿಂದಕ್ಕೆ ಸರಿಸೋಣ: ಶಂಖ, ಚಕ್ರ, ಗದೆ, ಪದ್ಮ. ಇವನು ವಾಮನ. ಇನ್ನೊಮ್ಮೆ ಸರಿಸಿದರೆ ಚಕ್ರ, ಗದೆ, ಪದ್ಮ, ಶಂಖ, ಗೋವಿಂದ. ಮತ್ತೊಮ್ಮೆ ಸರಿಸಿದರೆ ಗದೆ, ಪದ್ಮ, ಶಂಖ, ಚಕ್ರ, ವಿಷ್ಣು. ಆಯುಧಗಳ ಸುತ್ತು ಒಂದೇ, ಮೊದಲಿಟ್ಟ ಕೈ ಮಾತ್ರ ಬೇರೆ.

ಮುಂದಿನದು ಇನ್ನೂ ಚೆನ್ನಾಗಿದೆ. ನಾರಾಯಣನ ಕೈಗಳಲ್ಲಿ ಶಂಖ, ಪದ್ಮ, ಗದೆ, ಚಕ್ರ. ಇದನ್ನು ಹೀಗೆಯೇ ಸರಿಸುತ್ತ ಹೋದರೆ ತ್ರಿವಿಕ್ರಮ, ಮಾಧವ, ಮಧುಸೂದನರು ಸಿಗುತ್ತಾರೆ. ಕೇಶವನ ಸುತ್ತನ್ನು ತಿರುಗುಮುರುಗಾಗಿ ಓದಿದರೆ ಗದೆ, ಚಕ್ರ, ಶಂಖ, ಪದ್ಮ ಎಂದಾಗುತ್ತದೆ; ಅವನು ಮಾಧವ, ನಾರಾಯಣನ ಸುತ್ತಿನವನೇ. ಎಂದ ಮೇಲೆ ಆಚಮನದ ಮೊದಲ ಎಂಟು ಹೆಸರುಗಳು ಎರಡೇ ವೃತ್ತಗಳು: 1, 4, 5, 8ನೆಯ ಹೆಸರುಗಳು ಒಂದು ವೃತ್ತ; 2, 3, 6, 7ನೆಯವು ಕನ್ನಡಿಯಲ್ಲಿ ಕಂಡ ಅದೇ ವೃತ್ತ. ಮಾಲೆಯಂತೆ ಮಗುಚುವುದಕ್ಕೂ ಒಪ್ಪಿದರೆ ಎಂಟೂ ಸೇರಿ ಒಂದೇ ಮಾಲೆ. ಉಳಿದ ಹದಿನಾರು ಹೆಸರುಗಳಲ್ಲಿ ಇನ್ನು ನಾಲ್ಕು ವೃತ್ತ, ಎರಡು ಮಾಲೆ. ನಾಲ್ಕು ಹೂಗಳಿಗೆ ನಾವು ಕಂಡ 24, 6, 3 ಎಂಬ ಮೂರು ಉತ್ತರಗಳೂ ಒಬ್ಬನೇ ವಿಷ್ಣುವಿನ ಕೈಯಲ್ಲಿವೆ!

ಪಟ್ಟಿ ಮಾಡಿದ ಹಿರಿಯರು ಇದನ್ನು ಬೇಕೆಂದೇ ಹೀಗೆ ಜೋಡಿಸಿದರೆಂದು ನಾವು ಹೇಳುವುದಿಲ್ಲ. ಹಾಗೆ ಹೇಳಿದರೆ ಚಪ್ಪಾಳೆಯ ಭಾಷಣಕಾರರ ಸಾಲಿಗೆ ನಾವೂ ಸೇರಿದಂತೆ. ಹೇಳಬಹುದಾದುದು ಇಷ್ಟು: ಭಾಸ್ಕರನೂ ಶಿಲ್ಪಿಯೂ 24ನ್ನು 4ರಿಂದ ಭಾಗಿಸಲಿಲ್ಲ, ಭಾಗಿಸದೆ ಇದ್ದುದೇ ಸರಿ. ಕೆಳಗಿನ ಬಲಗೈ ಎಂಬುದು ಎಂದಿಗೂ ಕೆಳಗಿನ ಬಲಗೈಯೇ. ಅದಕ್ಕೊಂದು ಹೆಸರಿದೆ, ಮೇಲು ಕೀಳು ಎಡ ಬಲಗಳಿವೆ. ವಿಗ್ರಹವನ್ನು ತಲೆಕೆಳಗು ಮಾಡಿ ಪೂಜಿಸುವವರಿಲ್ಲ. ಸ್ಥಾನಕ್ಕೆ ಹೆಸರಿರುವ ಕಡೆ ದುಂಡಾಗಿ ಕಂಡರೂ ಅದು ಸಾಲೇ.

ಸಂಗೀತದಲ್ಲೂ ಇದೇ ನ್ಯಾಯ. ಚಾಂಗದೇವನು ಜ್ಯೋತಿಷಿಯಾಗಿದ್ದ ಸೇವುಣ ಸಿಂಘಣನ ಆಸ್ಥಾನದಲ್ಲೇ, ದೇವಗಿರಿಯಲ್ಲಿ, ಹದಿಮೂರನೆಯ ಶತಮಾನದ ಮೊದಲರ್ಧದಲ್ಲಿ ಶಾರ್ಙ್ಗದೇವನು ‘ಸಂಗೀತರತ್ನಾಕರ’ವನ್ನು ಬರೆದನು. ದೇವಗಿರಿಯೆಂದರೆ ನಮ್ಮವರು ಎಲ್ಲೋರಕ್ಕೆ ಹೋಗುವಾಗ ದಾರಿಯಲ್ಲಿ ಕಾಣುವ ದೌಲತಾಬಾದ್ ಕೋಟೆ. ಏಳು ಸ್ವರಗಳನ್ನು ಹಿಂದುಮುಂದು ಮಾಡಿದರೆ 5,040 ತಾನಗಳೆಂದು ಅವನು ಎಣಿಸಿ, ಇಂತಿಷ್ಟನೆಯ ತಾನ ಯಾವುದೆಂದು ಹೇಳಲು ಖಂಡಮೇರು ಎಂಬ ಮನೆಗಳ ಕೋಷ್ಟಕವನ್ನೂ ಕೊಟ್ಟಿದ್ದಾನೆ. ಸ್ವರಗಳ ಸುತ್ತು ಒಂದೇ ಇದ್ದು, ಹೊರಡುವ ಸ್ವರ ಬೇರೆಯಾದರೆ ಬೇರೆ ಮೂರ್ಛನೆ. ಗಣಿತದ ಮೇಷ್ಟ್ರು ‘ಎಲ್ಲ ಒಂದೇ ವೃತ್ತ’ ಎಂದು 7ರಿಂದ ಭಾಗಿಸಿ 720ಕ್ಕೆ ಇಳಿಸಿದರೆ ಹಾಡುವವರು ತಂಬೂರಿ ಕೆಳಗಿಟ್ಟು ಎದ್ದು ಹೋಗುತ್ತಾರೆ. ಷಡ್ಜ ಎಲ್ಲಿ ಎಂಬುದೇ ಅವರಿಗೆ ಮುಖ್ಯ.

ಹಾಗಾದರೆ ಭಾಗಿಸುವ ಲೆಕ್ಕ ಎಲ್ಲಿ ಸಲ್ಲುತ್ತದೆ? ಎಲ್ಲಿ ಯಾವ ಜಾಗಕ್ಕೂ ಹೆಸರಿಲ್ಲವೋ, ನನ್ನ ಎಡಕ್ಕೆ ಯಾರು ಬಲಕ್ಕೆ ಯಾರು ಎಂಬುದಷ್ಟೇ ಎಣಿಕೆಗೆ ಬರುತ್ತದೆಯೋ ಅಲ್ಲಿ. ಮನುಷ್ಯರ ನಡುವೆ ಅಂಥ ಜಾಗ ನಾವಂದುಕೊಂಡಷ್ಟು ಸುಲಭವಾಗಿ ಸಿಗುವುದಿಲ್ಲ. ನಮ್ಮ ಮದುವೆಯ ಊಟ ಪಂಕ್ತಿ, ಅಂದರೆ ಸಾಲು. ಮೊದಲ ಎಲೆ ಯಾರಿಗೆ ಎಂಬುದರ ಮೇಲೆ ಬೀಗರು ಮುನಿದದ್ದುಂಟು. ಸರ್ಕಾರಿ ಕಚೇರಿಯಲ್ಲಿ ಮೇಜನ್ನು ದುಂಡಗೆ ಮಾಡಿದರೂ ಸಾಹೇಬರ ಕುರ್ಚಿ ಯಾವುದೆಂದು ಜವಾನನಿಗೂ ಗೊತ್ತು, ಅಲ್ಲಿಂದ ಎಣಿಸುತ್ತ ಬಂದರೆ ಕೊನೆಯ ಗುಮಾಸ್ತನ ಜಾಗವೂ ಗೊತ್ತು. ಪ್ಯಾರಿಸ್ಸಿನಲ್ಲಿ ವಿಯೆಟ್ನಾಂ ಯುದ್ಧ ನಿಲ್ಲಿಸುವ ಮಾತುಕತೆಗೆ ಸೇರಿದವರು ಮೇಜಿನ ಆಕಾರದ ಮೇಲೆಯೇ ವಾರಗಟ್ಟಲೆ ಹಗ್ಗಜಗ್ಗಾಡಿದರು. ಅತ್ತ ಜನ ಸಾಯುತ್ತಲೇ ಇದ್ದರು. ಕೊನೆಗೆ 1969ರ ಜನವರಿಯಲ್ಲಿ ಧ್ವಜವಿಲ್ಲದ, ಹೆಸರಿನ ಫಲಕವಿಲ್ಲದ ದುಂಡು ಮೇಜಿಗೆ ಒಪ್ಪಿದರು. ಮಗ್ಗುಲಿಗೆ ಗುಮಾಸ್ತರಿಗೆಂದು ಎರಡು ಆಯತಾಕಾರದ ಮೇಜುಗಳು ಬೇರೆ. ಮೊದಲಿಗರು ಯಾರೂ ಇಲ್ಲವೆಂದು ಒಪ್ಪುವುದಕ್ಕೆ ತೆತ್ತ ಬೆಲೆ ಅದು. ‘ಒಂದು ಕಳೆ’ ಎಂಬ ಸೂತ್ರದೊಳಗೆ ಇಷ್ಟು ದೊಡ್ಡ ಒಪ್ಪಂದ ಅಡಗಿದೆ.

ಹೆಸರಿಲ್ಲದ ಜಾಗಗಳ ನಿಜವಾದ ವೃತ್ತವನ್ನು ನಾವು ಕಂಡಿರುವುದು ಹೆಣ್ಣುಮಕ್ಕಳಲ್ಲಿ. ರಾಜ್ಯೋತ್ಸವಕ್ಕೆ ಸಂಘದ ಮಹಿಳೆಯರು ಕೋಲಾಟ ಆಡುತ್ತಾರೆ. ಹನ್ನೊಂದು ಮಂದಿ ವೃತ್ತವಾಗಿ ನಿಂತರೆನ್ನಿ. ಒಬ್ಬರನ್ನು ಹಾಗೆಯೇ ನಿಲ್ಲಿಸಿ ಉಳಿದ ಹತ್ತು ಮಂದಿಯನ್ನು ಬದಲಿಸಿದರೆ ಆಗುವ ವೃತ್ತಗಳು 36,28,800, ಶಂಭುವಿನ ಮೂರ್ತಿಗಳಷ್ಟೇ! ನಿಮಿಷಕ್ಕೊಂದರಂತೆ ಹಗಲಿರುಳು ನಿಂತು ತೋರಿಸಿದರೆ 2,520 ದಿನ, ಹೆಚ್ಚು ಕಡಿಮೆ ಏಳು ವರ್ಷ.

ಕೋಲಾಟದಲ್ಲೇ ಒಂದು ಹಳ್ಳವೂ ಇದೆ. ಆರು ಮಂದಿ, ಮೂವರದು ಹಳದಿ ಸೀರೆ, ಮೂವರದು ಕೆಂಪು. ದೂರದಿಂದ ನೋಡುವವರಿಗೆ ಮುಖ ಕಾಣದು, ಬಣ್ಣವಷ್ಟೇ ಕಾಣುತ್ತದೆ. ಸಾಲಾಗಿ ನಿಂತರೆ 20 ಬಗೆ. ವೃತ್ತಕ್ಕೆ 6ರಿಂದ ಭಾಗಿಸಿ ಎಂದು ಸೂತ್ರದವರು ಹೊರಟರೆ ಲೆಕ್ಕ ಕೂಡುವುದೇ ಇಲ್ಲ, ಎರಡು ಉಳಿಯುತ್ತದೆ. ನಿಜವಾದ ಉತ್ತರ 4. ಏಕೆಂದರೆ ಹಳದಿ, ಕೆಂಪು, ಹಳದಿ, ಕೆಂಪು ಎಂದು ಒಂದು ಬಿಟ್ಟೊಂದು ನಿಂತ ವೃತ್ತವು ಎರಡು ಹೆಜ್ಜೆ ಸರಿದೊಡನೆ ಮೊದಲಿನಂತೆಯೇ ಕಾಣುತ್ತದೆ. ಅದರಿಂದ ಆಗುವ ಸಾಲುಗಳು ಆರಲ್ಲ, ಎರಡೇ. ಉಳಿದ ಮೂರು ವೃತ್ತಗಳಿಂದ ಆರಾರು. ಹದಿನೆಂಟು ಮತ್ತು ಎರಡು, ಇಪ್ಪತ್ತು. ಒಂದೇ ಬಗೆಯ ಮಣಿಗಳು ಮತ್ತೆ ಮತ್ತೆ ಬರುವ ಇಂಥ ಸರಗಳನ್ನು ಎಣಿಸಲು ಸಾಮಾನ್ಯ ವಿಧಾನವೊಂದನ್ನು ಜಾರ್ಜ್ ಪೋಲ್ಯ 1937ರಲ್ಲಿ ಪ್ರಕಟಿಸಿದನು. ಇಂದು ರಸಾಯನಶಾಸ್ತ್ರದಲ್ಲಿ ಅಣುಗಳ ಭೇದ ಎಣಿಸುವುದಕ್ಕೂ ಅದು ಬಳಕೆಯಲ್ಲಿದೆ. ಮನುಷ್ಯರ ವೃತ್ತಕ್ಕೆ ಈ ತೊಡಕು ಇಲ್ಲ. ಇಬ್ಬರು ಒಂದೇ ಆಗುವುದು ಸೀರೆಯಲ್ಲಿ ಮಾತ್ರ.

ಪುಣೆಯಲ್ಲಿ ಇದಕ್ಕಿಂತ ಹಳೆಯ ವೃತ್ತವೊಂದುಂಟು, ಭೋಂಡಲಾ. ನವರಾತ್ರಿಯ ದಿನಗಳಲ್ಲಿ ಮಣೆಯ ಮೇಲೆ ಆನೆಯ ಚಿತ್ರವಿಟ್ಟು ಹುಡುಗಿಯರು ಕೈ ಕೈ ಹಿಡಿದು ಸುತ್ತಲೂ ತಿರುಗುತ್ತ ಹಾಡುತ್ತಾರೆ. ಮುಗಿದ ಮೇಲೆ ಡಬ್ಬಿಯೊಳಗಿನ ಖಿರಾಪತ್ ಏನೆಂದು ಊಹಿಸಬೇಕು. ವಾಡೆಗಳು ಅಳಿದು ಸೊಸೈಟಿಗಳಾದ ಮೇಲೂ ಇದು ಪೂರ್ತಿ ನಿಂತಿಲ್ಲ. ನಮ್ಮ ಮನೆಗಳ ಹುಡುಗಿಯರೂ ನೆರೆಯವರೊಡನೆ ಸೇರಿಕೊಂಡೇ ಮರಾಠಿ ಕಲಿತವರು. ಎಲ್ಲರಿಗೂ ತಮ್ಮ ಗೆಳತಿಯ ಕೈಯನ್ನೇ ಹಿಡಿಯಬೇಕು. ಹೊಸದಾಗಿ ವರ್ಗವಾಗಿ ಬಂದವರ ಮಗಳ ಕೈ ಹಿಡಿಯುವವರು ಯಾರು ಎಂಬ ತಕರಾರು ಪ್ರತಿ ವರ್ಷವೂ ಇರುತ್ತದೆ. ಈ ಊರಿಗೆ ಹೊಸಬರಾಗಿ ಬಂದ ಯಾವ ಸಂಸಾರಕ್ಕೂ ಇದು ಸಣ್ಣ ಮಾತಲ್ಲ.

ಇದೇ ತಕರಾರನ್ನು ಫ್ರಾನ್ಸಿನ ಎದುವಾರ್ ಲ್ಯೂಕಾ ಎಂಬ ಗಣಿತಜ್ಞನು 1883ರಲ್ಲಿ ತನ್ನ ಮನೋರಂಜಕ ಗಣಿತದ ಪುಸ್ತಕದ ಎರಡನೆಯ ಸಂಪುಟದಲ್ಲಿ ಎತ್ತಿಕೊಂಡನು. ಮಕ್ಕಳು ಕೈ ಹಿಡಿದು ವೃತ್ತವಾಗಿ ಕುಣಿಯುತ್ತಾರೆ. ಪ್ರತಿ ಸಲವೂ ವೃತ್ತ ಬದಲಿಸುತ್ತ, ಪ್ರತಿಯೊಬ್ಬರೂ ಉಳಿದ ಎಲ್ಲರ ಕೈಯನ್ನೂ ಒಮ್ಮೆ, ಒಮ್ಮೆ ಮಾತ್ರ ಹಿಡಿಯುವಂತೆ ಮಾಡಬಹುದೆ? ವಾಲೆಸ್ಕಿ ಎಂಬ ಪ್ಯಾರಿಸ್ಸಿನ ಶಾಲಾ ಮೇಷ್ಟರು ಮಾಡಿದ ಉತ್ತರವನ್ನು ಲ್ಯೂಕಾ ಅವರ ಹೆಸರಿನಲ್ಲೇ ಅಚ್ಚು ಹಾಕಿದ್ದಾನೆ.

ಏಳು ಹುಡುಗಿಯರಿದ್ದರೆ ವೃತ್ತಗಳು 720; ಕೈ ಹಿಡಿದದ್ದಷ್ಟೇ ಲೆಕ್ಕಕ್ಕಾದರೆ ಎಡ ಬಲ ಬೇಕಿಲ್ಲ, 360. ಇವುಗಳಲ್ಲಿ ಮೂರೇ ಮೂರನ್ನು ಆರಿಸಿಕೊಂಡರೆ ಸಾಕು. ಮೊದಲ ಹಾಡಿಗೆ 1, 2, 3, 4, 5, 6, 7 ಎಂದು ನಿಲ್ಲಲಿ. ಎರಡನೆಯದಕ್ಕೆ ಒಂದು ಬಿಟ್ಟೊಂದು: 1, 3, 5, 7, 2, 4, 6. ಮೂರನೆಯದಕ್ಕೆ ಎರಡು ಬಿಟ್ಟೊಂದು: 1, 4, 7, 3, 6, 2, 5. ಪ್ರತಿ ಸಲ ಕೊನೆಯವಳು 1ರ ಕೈ ಹಿಡಿಯುತ್ತಾಳೆ. ಏಳು ಮಂದಿಯಲ್ಲಿ ಆಗುವ ಜೋಡಿಗಳು 21, ವೃತ್ತಕ್ಕೆ 7ರಂತೆ ಮೂರು ಹಾಡಿನಲ್ಲಿ 21ಕ್ಕೆ 21 ತೀರಿತು. ಯಾರೂ ಹೊರಗುಳಿಯಲಿಲ್ಲ.

ಎಂಟು ಮಂದಿಯಾದರೆ ಇದು ಸಾಧ್ಯವಿಲ್ಲ. ಪ್ರತಿಯೊಬ್ಬಳಿಗೂ ಗೆಳತಿಯರು ಏಳು, ವೃತ್ತಕ್ಕೆ ಹಿಡಿಯುವ ಕೈ ಎರಡು. ಏಳನ್ನು ಎರಡೆರಡಾಗಿ ತೀರಿಸಲಾಗದು. ಆಗ ಅಮ್ಮನನ್ನೋ ಅಜ್ಜಿಯನ್ನೋ ಎಬ್ಬಿಸಿ ಒಂಬತ್ತು ಮಾಡಿಕೊಳ್ಳಬೇಕು. ಒಂಬತ್ತರಲ್ಲಿ ಎರಡು ಬಿಟ್ಟೊಂದು ಎಂಬ ಉಪಾಯ ನಡೆಯದು. 1, 4, 7 ಆದ ಕೂಡಲೇ ಮತ್ತೆ 1ಕ್ಕೆ ಬಂದು ಮೂವರ ಪುಟ್ಟ ವೃತ್ತ ಮುಚ್ಚಿಕೊಳ್ಳುತ್ತದೆ. ಇಲ್ಲಿ ವಾಲೆಸ್ಕಿಯ ಉಪಾಯ ಬೇಕು. ಅಜ್ಜಿ ಒಂದೆಡೆ ಇರಲಿ. ಉಳಿದ ಎಂಟು ಮಂದಿ 1, 2, 8, 3, 7, 4, 6, 5 ಎಂದು ಅತ್ತಿತ್ತ ಹಾರಿದ ಕ್ರಮದಲ್ಲಿ ನಿಂತು, 1 ಮತ್ತು 5 ಅಜ್ಜಿಯ ಎರಡು ಕೈಗಳನ್ನು ಹಿಡಿಯಲಿ. ಮುಂದಿನ ಹಾಡಿಗೆ ಪ್ರತಿ ಸಂಖ್ಯೆಗೂ ಒಂದು ಕೂಡಿಸಿ, 8 ಇದ್ದಲ್ಲಿ 1 ಮಾಡಿ: 2, 3, 1, 4, 8, 5, 7, 6, ಅಜ್ಜಿಯ ಕೈ ಈಗ 2 ಮತ್ತು 6ಕ್ಕೆ. ಹೀಗೆಯೇ ಇನ್ನೆರಡು ಸಲ. ನಾಲ್ಕು ಹಾಡು ಮುಗಿಯುವ ಹೊತ್ತಿಗೆ 36 ಜೋಡಿಗಳೂ ಆಗಿ, ಅಜ್ಜಿ ಎಂಟು ಮಂದಿಯ ಕೈಯನ್ನೂ ಒಂದೊಂದು ಸಲ ಹಿಡಿದಿರುತ್ತಾರೆ. ಐದನೆಯ ಹಾಡಿನ ಅಗತ್ಯವಿಲ್ಲ, ಖಿರಾಪತ್ ತೆರೆಯಬಹುದು.